ವಿದೇಶ ವಿದ್ಯಾರ್ಥಿವೇತನಗಳೂ ಸ್ವದೇಶದ ಸಂಸ್ಥೆಗಳೂ: ಬಾರ್ಬೋರ್ ನಿಧಿಯನ್ನು ಕುರಿತು

ಅಭಿವೃದ್ಧಿ ಹೊಂದುತ್ತಿರುವ ದೇಶಗಳ ವೈದ್ಯರು, ಅಧ್ಯಾಪಕರು, ವಿಜ್ಞಾನಿಗಳು, ಇಂಜಿನಿಯರುಗಳು ಮೊದಲಾದವರನ್ನು ಉನ್ನತ ವ್ಯಾಸಂಗಕ್ಕಾಗಿ ಪರದೇಶಗಳಿಗೆ ಬರಮಾಡಿಕೊಳ್ಳುವ ವಿದ್ಯಾರ್ಥಿವೇತನಗಳ ಚರಿತ್ರೆಯನ್ನು ಎರಡನೆಯ ಮಹಾಯುದ್ಧದ ಅನಂತರದಿಂದ ಪ್ರಾರಂಭಿಸುವುದು ವಾಡಿಕೆ. 1951ರಲ್ಲಿ ಕಾರ್ಯಾರಂಭವಾದ ಕೊಲಂಬೊ ಯೋಜನೆಯೂ 1959ರ ಆಕ್ಸ್‌ಫರ್ಡ್ ಸಮ್ಮೇಳನದಲ್ಲಿ ರೂಪುಗೊಂಡ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಯೋಜನೆಯೂ ಅಂಥ ಚರಿತ್ರೆಯಲ್ಲಿ ಮೊದಲು ಬರುತ್ತವೆ. ಆದರೆ ಇವೆಲ್ಲ ಎದುರಿಸಬೇಕಾದ ಮುಖ್ಯ ಪ್ರಶ್ನೆ ಇವುಗಳಿಗಿಂತ ಹಳೆಯದು. ಪರದೇಶದಲ್ಲಿ ಗಳಿಸಿದ ವಿದ್ಯೆ ಸ್ವದೇಶದಲ್ಲಿ ಬೇರೂರುವುದು ವೇತನದ ಬಲದಿಂದಲೋ, ಮರಳಿ ಬಂದವರಿಗೆ ಕೆಲಸ ಕೊಡಬಲ್ಲ ಸಂಸ್ಥೆಗಳ ಬಲದಿಂದಲೋ? ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಬಾರ್ಬೋರ್ ನಿಧಿಯಿಂದ ನೆರವು ಪಡೆದ ಮೂವರು ಮಹಿಳೆಯರ ಜೀವನವನ್ನು ಹೋಲಿಸಿ ಈ ಪ್ರಶ್ನೆಯನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಬಾರ್ಬೋರ್ ನಿಧಿಗೆ ಮೊದಲೇ ನಮ್ಮ ದೇಶದಲ್ಲಿ ಇಂಥ ಒಂದು ಪ್ರಯತ್ನ ನಡೆದಿತ್ತು. ಜಮ್‌ಷೆಟ್‌ಜಿ ಟಾಟಾ ಅವರು 1892ರಲ್ಲಿ ಸ್ಥಾಪಿಸಿದ ದತ್ತಿಯು ವಿದೇಶ ವ್ಯಾಸಂಗಕ್ಕೆ ಸಾಲದ ರೂಪದಲ್ಲಿ ಹಣ ಒದಗಿಸಿತು; ಒಬ್ಬರು ತೀರಿಸಿದ ಹಣ ಮತ್ತೊಬ್ಬರ ವಿದ್ಯೆಗೆ ನೆರವಾಗಲೆಂಬುದು ಅದರ ತತ್ತ್ವ. ಅದರ ಮೊದಲ ಫಲಾನುಭವಿಗಳು ಫ್ರೇನಿ ಕಾಮಾ ಮತ್ತು ಕೃಷ್ಣಾಬಾಯಿ ಕೇಳವ್ಕರ್ ಎಂಬ ಇಬ್ಬರು ವೈದ್ಯೆಯರು. ಅನೇಕ ಸ್ತ್ರೀಯರು ಪುರುಷ ವೈದ್ಯರ ಬಳಿಗೆ ಹೋಗಲು ಒಪ್ಪದಿದ್ದ ಕಾಲದಲ್ಲಿ ಈ ಆಯ್ಕೆಯ ಔಚಿತ್ಯವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಬಾರ್ಬೋರ್ ನಿಧಿಯ ಹಿನ್ನೆಲೆಯಲ್ಲಿಯೂ ವೈದ್ಯೆಯರೇ ಇದ್ದರೆಂಬುದು ಗಮನಾರ್ಹ. 1870ರಿಂದಲೇ ಸ್ತ್ರೀಯರಿಗೆ ಪ್ರವೇಶ ನೀಡಿದ್ದ ಮಿಷಿಗನ್ನಿನಲ್ಲಿ ಚೀನಾದ ಷಿ ಮೆಯ್ಯು, ಕಾಂಗ್ ಚೆಂಗ್ ಎಂಬುವರು 1896ರಲ್ಲಿ ವೈದ್ಯ ಪದವಿ ಪಡೆದು, ಸ್ವದೇಶಕ್ಕೆ ಮರಳಿ ಆಸ್ಪತ್ರೆಗಳನ್ನು ಕಟ್ಟಿದರು. ಆ ವಿಶ್ವವಿದ್ಯಾನಿಲಯದ ಆಡಳಿತ ಮಂಡಲಿಯಲ್ಲಿದ್ದ ಲೀವೈ ಬಾರ್ಬೋರ್ ಅವರು ಏಷ್ಯದ ಪ್ರವಾಸದಲ್ಲಿ ಇಂಥವರ ಸೇವೆಯನ್ನು ಕಂಡು ಪ್ರಭಾವಿತರಾದರು; ಪೌರ್ವಾತ್ಯ ಮಹಿಳೆಯರಿಗಾಗಿ ಅವರು ಸ್ಥಾಪಿಸಿದ ವೇತನ 1917ರಲ್ಲಿ ಸ್ಥಿರರೂಪ ಪಡೆಯಿತು. ಕಲಿತವರು ಸ್ವದೇಶಕ್ಕೆ ಮರಳಿ ತಮ್ಮ ಜನರಿಗೆ ನೆರವಾಗಬೇಕೆಂಬುದು ದಾನಿಯ ಆಶಯವಾಗಿತ್ತು. ಆ ಆಶಯ ಎಷ್ಟರಮಟ್ಟಿಗೆ ನೆರವೇರಿತೆಂಬುದನ್ನು ನಿಧಿಯ ಲೆಕ್ಕಪುಸ್ತಕದಿಂದ ತಿಳಿಯಲಾಗದು. ಅದಕ್ಕಾಗಿ ನಾವು ವೇತನ ಪಡೆದವರ ಮುಂದಿನ ಜೀವನವನ್ನೇ ನೋಡಬೇಕು.

ಮೊದಲನೆಯವರು ಚೀನಾದ ವು ಯಿಫಾಂಗ್. 1928ರಲ್ಲಿ ಜೀವವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಇವರು ಅದೇ ವರ್ಷ ತಾವು ಹಿಂದೆ ಓದಿದ್ದ ನಾನ್‌ಜಿಂಗ್ ನಗರದ ಜಿನ್‌ಲಿಂಗ್ ಮಹಿಳಾ ಕಾಲೇಜಿನ ಅಧ್ಯಕ್ಷರಾದರು. ಜಪಾನಿನ ಆಕ್ರಮಣದಿಂದ ಕಾಲೇಜು ಚೆಂಗ್ಡುವಿಗೆ ವಲಸೆ ಹೋದಾಗಲೂ ಅದನ್ನು ನಡೆಸಿದರು. 1945ರಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಸಹಿ ಹಾಕಿದ ನಾಲ್ವರು ಮಹಿಳೆಯರಲ್ಲಿ ಇವರೊಬ್ಬರು. ಇವರ ವಿಷಯದಲ್ಲಿ ಸಂಸ್ಥೆ ಮೊದಲೇ ಸಿದ್ಧವಾಗಿತ್ತು. ವೇತನ ಅದಕ್ಕೆ ನಾಯಕಿಯನ್ನು ಒದಗಿಸಿತು.

ಎರಡನೆಯವರು ತಲಚೇರಿಯ ಇ. ಕೆ. ಜಾನಕಿ ಅಮ್ಮಾಳ್. ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನ ಅಧ್ಯಾಪಕರಾಗಿದ್ದ ಇವರು ಬಾರ್ಬೋರ್ ವೇತನದಿಂದ ಮಿಷಿಗನ್ನಿಗೆ ಹೋಗಿ 1931ರಲ್ಲಿ ಡಿ.ಎಸ್‌ಸಿ. ಪದವಿ ಪಡೆದರು. ಅನಂತರ ಕೊಯಮತ್ತೂರಿನ ಕಬ್ಬಿನ ತಳಿ ಸಂಶೋಧನ ಕೇಂದ್ರದಲ್ಲಿ ದುಡಿದರು. ಆದರೆ 1940ರ ದಶಕವನ್ನು ಅವರು ಕಳೆದದ್ದು ಇಂಗ್ಲೆಂಡಿನಲ್ಲಿ. ಡಾರ್ಲಿಂಗ್‌ಟನ್ನರೊಡನೆ ಕೃಷಿಸಸ್ಯಗಳ ವರ್ಣತಂತುಗಳನ್ನು ಕುರಿತು ರಚಿಸಿದ ಪ್ರಸಿದ್ಧ ಗ್ರಂಥ 1945ರಲ್ಲಿ ಹೊರಬಂದದ್ದೂ ಅಲ್ಲಿದ್ದಾಗಲೇ. 1951ರಲ್ಲಿ ಪ್ರಧಾನಿ ನೆಹರೂ ಅವರ ಆಹ್ವಾನದ ಮೇರೆಗೆ, ಭಾರತೀಯ ಸಸ್ಯ ಸರ್ವೇಕ್ಷಣೆಯನ್ನು ಪುನಾರಚಿಸುವುದಕ್ಕಾಗಿ ಅವರು ಹಿಂತಿರುಗಿದರು. ಹೊರದೇಶದಲ್ಲಿ ನೆಲೆಸಿದ ವಿದ್ವಾಂಸರನ್ನು ಕೃತಘ್ನರೆಂದು ಹಳಿಯುವವರು ಇದನ್ನು ನೆನೆಯಬೇಕು. ನಿಶ್ಚಿತವಾದ ಕೆಲಸವನ್ನು ಒಪ್ಪಿಸಿ ಕರೆದಾಗ ಬಂದವರಿವರು.

ಮೂರನೆಯವರು ನಮ್ಮ ನಾಡಿನವರೇ ಆದ ರಾಜೇಶ್ವರಿ ಚಟರ್ಜಿ. 1922ರಲ್ಲಿ ನಂಜನಗೂಡಿನಲ್ಲಿ ಜನಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಇವರು 1946ರಲ್ಲಿ ಸರಕಾರದ ವೇತನಕ್ಕೆ ಆಯ್ಕೆಯಾಗಿ, ಮರುವರ್ಷ ಮಿಷಿಗನ್ನಿಗೆ ತೆರಳಿದರು. ಸ್ನಾತಕೋತ್ತರ ಪದವಿಯ ಅನಂತರ ವಾಷಿಂಗ್‌ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ತರಬೇತಿ ಹೊಂದಿ, 1949ರಿಂದ ಬಾರ್ಬೋರ್ ವೇತನದ ನೆರವಿನಿಂದ ಸಂಶೋಧನೆ ನಡೆಸಿದರು. 1953ರಲ್ಲಿ ಡಾಕ್ಟರೇಟ್ ಪಡೆದು ಮರಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಪತಿ ಶಿಶಿರ್‌ಕುಮಾರ್ ಚಟರ್ಜಿ ಅವರೊಡನೆ ಅಲ್ಲಿ ಮೈಕ್ರೋವೇವ್ ಸಂಶೋಧನೆಗೆ ತಳಹದಿ ಹಾಕಿದರು. 1982ರಲ್ಲಿ ನಿವೃತ್ತರಾಗುವ ವರೆಗೆ ಅನೇಕ ಸಂಶೋಧಕರನ್ನು ತಯಾರುಮಾಡಿದರು. ಒಬ್ಬರಿಗೆ ದೊರೆತ ವೇತನ ಹೀಗೆ ಹಲವರ ವಿದ್ಯೆಯಾಯಿತು. ಆ ಹಲವರು ಅದಕ್ಕಾಗಿ ಹಡಗನ್ನೇರಬೇಕಾಗಲಿಲ್ಲ.

ನಿಧಿ ಒಂದೇ, ವಿಶ್ವವಿದ್ಯಾನಿಲಯವೂ ಒಂದೇ. ಫಲ ಮಾತ್ರ ಮೂರು ಬಗೆಯಾಯಿತು. ಮೂವರ ಪ್ರತಿಭೆಯಲ್ಲಿ ಈ ಭೇದದ ಕಾರಣವನ್ನು ಹುಡುಕುವುದು ಸಾಧುವಲ್ಲ. ಸ್ವದೇಶದಲ್ಲಿ ಅವರಿಗಾಗಿ ಯಾವ ಸ್ಥಾನ, ಯಾವ ಕಾರ್ಯ, ಯಾವ ಪ್ರಯೋಗಶಾಲೆ ಸಿದ್ಧವಾಗಿತ್ತೆಂಬುದೇ ನಿರ್ಣಾಯಕವೆಂದು ನಮ್ಮ ಅಭಿಪ್ರಾಯ.

ಈ ದೃಷ್ಟಿಯಿಂದ ನೋಡಿದಾಗ ಟಾಟಾ ಅವರ ಎರಡು ಕಾರ್ಯಗಳ ಪರಸ್ಪರ ಸಂಬಂಧ ಸ್ಪಷ್ಟವಾಗುತ್ತದೆ. ವಿದ್ಯಾರ್ಥಿಗಳನ್ನು ಹೊರಗೆ ಕಳುಹಿಸಲು 1892ರ ದತ್ತಿಯನ್ನು ಸ್ಥಾಪಿಸಿದವರೇ ದೇಶದೊಳಗೆ ಸಂಶೋಧನೆಗೆ ಒಂದು ಸಂಸ್ಥೆ ಬೇಕೆಂದೂ ಯೋಚಿಸಿದರು. 1904ರಲ್ಲಿ ಅವರು ತೀರಿಕೊಂಡ ಮೇಲೆ, ಮೈಸೂರು ಸಂಸ್ಥಾನವು ನೀಡಿದ 371 ಎಕರೆ ಭೂಮಿಯಲ್ಲಿ, 1909ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯೇ ಮುಂದೆ ರಾಜೇಶ್ವರಿಯವರಿಗೆ ಕಾರ್ಯಕ್ಷೇತ್ರವಾಯಿತು. ದಾನಿಯ ದೇಶ ವೇತನವನ್ನು ಕೊಡಬಹುದು. ಮರಳಿದವರು ಕೆಲಸ ಮಾಡುವ ಮನೆಯನ್ನು ಪಡೆಯುವ ದೇಶವೇ ಕಟ್ಟಿಕೊಳ್ಳಬೇಕು. ಇಂದು ವಿದೇಶ ವೇತನಗಳ ಸಂಖ್ಯೆಯನ್ನು ಕಂಡು ಹರ್ಷಪಡುವಾಗ, ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಬರಿದಾಗಿರುವ ಅಧ್ಯಾಪಕ ಹುದ್ದೆಗಳನ್ನೂ ಅದರ ಪಕ್ಕದಲ್ಲಿಟ್ಟು ಎಣಿಸುವುದು ಅವಶ್ಯಕ.