ಹೈಡ್ರೋಜನ್ ಬಂಧ: ಒಂದು ವ್ಯಾಖ್ಯೆ ಬದಲಾದ ಬಗೆ

ಹುಣಸೂರಿನಲ್ಲೋ ಪಿರಿಯಾಪಟ್ಟಣದಲ್ಲೋ ನೀವು ಪದವಿಪೂರ್ವ ತರಗತಿಗೆ ರಸಾಯನ ವಿಜ್ಞಾನ ಬೋಧಿಸುತ್ತಿದ್ದರೆ, ನೀರು ಮತ್ತು ಹೈಡ್ರೋಜನ್ ಸಲ್ಫೈಡ್‌ಗಳ ಹೋಲಿಕೆಯನ್ನು ಕಪ್ಪುಹಲಗೆಯ ಮೇಲೆ ಬರೆದೇ ಇರುತ್ತೀರಿ. ಎಚ್.ಡಿ. ಕೋಟೆಯ ಕಬಿನಿ ಜಲಾಶಯದಲ್ಲಿ ತುಂಬಿ ನಿಂತಿರುವ ನೀರು ಕುದಿಯಲು 100 ಡಿಗ್ರಿ ಸೆಲ್ಸಿಯಸ್ ಬೇಕು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್‌ನ ಅಣು ನೀರಿನ ಅಣುವಿಗಿಂತ ಭಾರವಾದರೂ ಅದು ಸುಮಾರು -60 ಡಿಗ್ರಿಯಲ್ಲೇ ಕುದಿಯುತ್ತದೆ. ಕಾರಣ ಕೇಳಿದರೆ ನಮ್ಮ ಉತ್ತರ ಸಿದ್ಧ: ನೀರಿನಲ್ಲಿ ಹೈಡ್ರೋಜನ್ ಬಂಧವಿದೆ, ಸಲ್ಫೈಡ್‌ನಲ್ಲಿ ಇಲ್ಲ, ಆ ಬಂಧ ಫ್ಲೋರಿನ್, ಆಕ್ಸಿಜನ್, ನೈಟ್ರೊಜನ್‌ಗಳಿಗೆ ಮಾತ್ರ ಮೀಸಲು.

ಈ ಉತ್ತರವನ್ನು ಈಗ ತಿದ್ದಿಕೊಳ್ಳಬೇಕಾಗಿದೆ. ತಿದ್ದುವ ಕೆಲಸದ ದೊಡ್ಡ ಭಾಗ ನಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಭೌತರಸಾಯನ ವಿಜ್ಞಾನಿ ಇ. ಅರುಣನ್ ಅವರ ಪ್ರಯೋಗಾಲಯದಲ್ಲಿ.

1920ರಲ್ಲಿ ಲ್ಯಾಟಿಮರ್ ಮತ್ತು ರೋಡ್‌ಬುಷ್ ನೀರಿನ ಅಣುಗಳ ನಡುವಿನ ಈ ಬಂಧವನ್ನು ವಿವರಿಸಿದರು. ಅದಕ್ಕೆ ಪ್ರಚಾರ ಸಿಕ್ಕಿದ್ದು ಲೈನಸ್ ಪೌಲಿಂಗ್ ಅವರಿಂದ. ಮಂಜುಗಡ್ಡೆಯಲ್ಲಿ ಪ್ರತಿ ಅಣುವಿಗೆ 4 ನೆರೆಯ ಅಣುಗಳು, ಘನ ಹೈಡ್ರೋಜನ್ ಸಲ್ಫೈಡ್‌ನಲ್ಲಿ 12. ಗೋಲಿಗಳನ್ನು ಒತ್ತೊತ್ತಾಗಿ ಜೋಡಿಸಿದಂತೆ. ಆದ್ದರಿಂದ ಅಲ್ಲಿ ಹೈಡ್ರೋಜನ್ ಬಂಧವಿಲ್ಲ ಎಂದರು ಪೌಲಿಂಗ್. ಅಷ್ಟು ದೊಡ್ಡವರು ಹೇಳಿದ ಮೇಲೆ ಪಠ್ಯಪುಸ್ತಕಗಳು ಅದನ್ನೇ ಹೇಳುತ್ತಾ ಬಂದವು.

ಅರುಣನ್ ಅಮೆರಿಕದ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಗುಟೋವ್‌ಸ್ಕಿ ಅವರೊಡನೆ ಕೆಲಸ ಮಾಡಿದರು. ಬೆಂಜೀನ್ ಮತ್ತು ನೀರಿನ ಅಣುಗಳು ಜೋಡಿಯಾಗುವ ಬಗೆಯನ್ನು ಆ ತಂಡ 1993ರಲ್ಲಿ ವರದಿ ಮಾಡಿತು. ನೀರಿನ ಹೈಡ್ರೋಜನ್ ಇಲ್ಲಿ ಬೆಂಜೀನ್ ಉಂಗುರದ ಎಲೆಕ್ಟ್ರಾನ್ ಮೋಡದತ್ತ ಮುಖಮಾಡಿರುತ್ತದೆ. ಬೆಂಜೀನಿನಲ್ಲಿ ಫ್ಲೋರಿನ್ ಇಲ್ಲ, ಆಕ್ಸಿಜನ್ ಇಲ್ಲ, ನೈಟ್ರೊಜನ್ ಇಲ್ಲ! ಹಾಗಾದರೆ ಈ ಬಂಧಕ್ಕೆ ಏನೆಂದು ಹೆಸರಿಡುವುದು?

1997ರಲ್ಲಿ ಬೆಂಗಳೂರಿಗೆ ಬಂದ ಅವರು, ಇಂಥ ಜೋಡಿಗಳನ್ನು ಅಳೆಯಬಲ್ಲ ಸೂಕ್ಷ್ಮತರಂಗ ರೋಹಿತಮಾಪಕವನ್ನು ಸಂಸ್ಥೆಯಲ್ಲೇ ಕಟ್ಟಿದರು. ಅದರ ತತ್ತ್ವ ನಿಮಗೆ ಕಷ್ಟವಾಗದು. ಅನಿಲವನ್ನು ಆರ್ಗಾನ್‌ನೊಂದಿಗೆ ಬೆರೆಸಿ ಕಿರುರಂಧ್ರದಿಂದ ನಿರ್ವಾತಕ್ಕೆ ಚಿಮ್ಮಿಸುತ್ತಾರೆ. ಹಿಗ್ಗಿದ ಅನಿಲ ಕೆಲವೇ ಕೆಲ್ವಿನ್‌ಗಳಿಗೆ ತಣಿಯುತ್ತದೆ; ಆ ಚಳಿಯಲ್ಲಿ ಅಣುಗಳು ಜೋಡಿಯಾಗಿ ಉಳಿಯುತ್ತವೆ. ಜೋಡಿ ಎಷ್ಟು ವೇಗವಾಗಿ ಸುತ್ತಬಲ್ಲದು ಎಂಬುದು ಅದರ ಜಡತ್ವ ಮಹತ್ವವನ್ನು ಅವಲಂಬಿಸಿದೆ. ಅದು ಹೀರುವ ತರಂಗಗಳ ಆವರ್ತಾಂಕ ತಿಳಿದರೆ ಪರಮಾಣುಗಳ ನಡುವಿನ ದೂರವನ್ನು ಲೆಕ್ಕಹಾಕಬಹುದು.

ಇದರ ಜತೆಗೆ ಇನ್ನೊಂದು ಕೆಲಸ ನಡೆದಿತ್ತು. ಶುದ್ಧ ಮತ್ತು ಅನ್ವಿತ ರಸಾಯನ ವಿಜ್ಞಾನದ ಅಂತರರಾಷ್ಟ್ರೀಯ ಒಕ್ಕೂಟ ಹೈಡ್ರೋಜನ್ ಬಂಧವನ್ನು ಮರುವ್ಯಾಖ್ಯಾನಿಸಲು ಕಾರ್ಯತಂಡವೊಂದನ್ನು ರಚಿಸಿತ್ತು. ಅರುಣನ್ ಅದರ ಅಧ್ಯಕ್ಷರು. ಗೌತಮ್ ದೇಸಿರಾಜು ಸದಸ್ಯರು. 14 ಮಂದಿ ಲೇಖಕರ ಶಿಫಾರಸು 2011ರಲ್ಲಿ ಪ್ರಕಟವಾಯಿತು. ಅದರಲ್ಲಿ ಮೂರು ಧಾತುಗಳ ಪಟ್ಟಿಯೇ ಇಲ್ಲ. ಹೈಡ್ರೋಜನ್‌ಗಿಂತ ಹೆಚ್ಚಾಗಿ ಎಲೆಕ್ಟ್ರಾನ್‌ಗಳನ್ನು ಸೆಳೆಯುವ ಪರಮಾಣುವಿಗೆ ಆ ಹೈಡ್ರೋಜನ್ ಅಂಟಿರಬೇಕು. ಅದು ಮತ್ತೊಂದು ಪರಮಾಣು ಅಥವಾ ಪರಮಾಣು ಗುಂಪಿನೊಡನೆ ಬಂಧ ಏರ್ಪಡಿಸಿದ್ದಕ್ಕೆ ಪುರಾವೆ ಇರಬೇಕು. ‘ಪುರಾವೆ’ ಎಂಬ ಮಾತು ವ್ಯಾಖ್ಯೆಯೊಳಗೇ ಬಂದದ್ದು ನನಗೆ ಬಹಳ ಹಿಡಿಸಿದ ಸಂಗತಿ.

ಪೌಲಿಂಗ್ ತಳ್ಳಿಹಾಕಿದ ಅಣುವಿಗೆ ಆ ಪುರಾವೆ 2018ರಲ್ಲಿ ದೊರೆಯಿತು. ಅರುಣನ್ ಮತ್ತು ಸಂಗಡಿಗರು ಎರಡು ಹೈಡ್ರೋಜನ್ ಸಲ್ಫೈಡ್ ಅಣುಗಳ ಜೋಡಿಯ ರೋಹಿತವನ್ನು ಬಿಡಿಸಿ, ಅದರ ರಚನೆ ನೀರಿನ ಜೋಡಿಯಂತೆಯೇ ಇದೆ ಎಂದು ತೋರಿಸಿದರು. ಎರಡು ಗಂಧಕಗಳ ನಡುವಿನ ದೂರ ಸುಮಾರು 4.11 ಆಂಗ್‌ಸ್ಟ್ರಾಮ್, ನೀರಿನ ಜೋಡಿಯಲ್ಲಿ ಆಕ್ಸಿಜನ್‌ಗಳ ನಡುವೆ ಸುಮಾರು 2.98. ಪೌಲಿಂಗ್ ಎಣಿಸಿದ 12 ನೆರೆಯವರು ಸುಳ್ಳಲ್ಲ. ಆದರೆ ಆ ತಾಪದಲ್ಲಿ ಘನದೊಳಗಿನ ಅಣುಗಳು ಹೊರಳಾಡುತ್ತಿರುವುದರಿಂದ ಗೋಲಿಗಳಂತೆ ತೋರುತ್ತವೆ. ದಿಕ್ಕುಳ್ಳ ದುರ್ಬಲ ಬಂಧ ಮರೆಯಾಗುತ್ತದೆ.

ಕುದಿಬಿಂದುಗಳ ಅಂತರವೇಕೆ ಎಂದು ನಾಳೆ ಕೆ.ಆರ್. ನಗರದ ವಿದ್ಯಾರ್ಥಿಯೊಬ್ಬಳು ಕೇಳಿದರೆ, ಸಲ್ಫೈಡ್‌ನಲ್ಲೂ ಹೈಡ್ರೋಜನ್ ಬಂಧವಿದೆ, ಆದರೆ ನೀರಿನದಕ್ಕಿಂತ ಬಹಳ ದುರ್ಬಲ ಎಂದು ಹೇಳಿ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕ ಕೊಡುತ್ತಾರೆಯೇ ಎಂದು ಅವಳು ಮತ್ತೆ ಕೇಳಿದರೆ, ಅದಕ್ಕೆ ಉತ್ತರಿಸಬೇಕಾದವರೂ ಮೌಲ್ಯಮಾಪನಕ್ಕೆ ಹೋಗುವ ನೀವೇ.