ಪದ ಪರಿಚಯ: ಒತ್ತಿ ತೆಗೆದ ಕಾಫಿ

ಎಸ್‌ಪ್ರೆಸ್ಸೊ

ಮೈಸೂರಿನ ವಿಜಯನಗರದಲ್ಲಿ ಮನೆಗೇ ಯಂತ್ರ ತಂದವರೂ ಇದನ್ನು ‘ಎಕ್ಸ್‌ಪ್ರೆಸ್ಸೊ’ ಎನ್ನುವುದುಂಟು. ಇಟಾಲಿಯನ್ ಪದದಲ್ಲಿ ‘ಕ್ಸ್’ ಇಲ್ಲ. ಲ್ಯಾಟಿನ್ ಮೂಲ ‘ಎಕ್ಸ್‌ಪ್ರಿಮೆರೆ’, ಎಂದರೆ ಒತ್ತಿ ಹೊರತೆಗೆಯುವುದು. ಇಂಗ್ಲಿಷಿನ ‘ಎಕ್ಸ್‌ಪ್ರೆಸ್’ ಕೂಡ ಅದೇ ಬೇರಿನದು. ರೈಲಿನ ಹೆಸರಾಗಿ ಅದು ನಮಗೆ ಹೆಚ್ಚು ಪರಿಚಿತ, ನಾಲಿಗೆ ಅತ್ತ ಜಾರುತ್ತದೆ. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಹಬೆಯೊತ್ತಡದ ಕಾಫಿಯಂತ್ರಕ್ಕೆ ಪೇಟೆಂಟ್ ಕೋರಿದರು. ಇಂದಿನ ಯಂತ್ರಗಳಲ್ಲಿ ಒತ್ತಡ ಸುಮಾರು 9 ಬಾರ್.

ನಮ್ಮಲ್ಲಿ ಪದ ಬೇರೆ ದಾರಿ ಹಿಡಿಯಿತು. ಮದುವೆಮನೆಯಲ್ಲಿ ಹಬೆಯೂದಿದ ನೊರೆಹಾಲಿಗೆ ಇನ್‌ಸ್ಟಂಟ್ ಕಾಫಿ ಬೆರೆಸಿ, ಮೇಲೆ ಚಾಕೊಲೇಟ್ ಪುಡಿ ಉದುರಿಸಿ ಕೊಟ್ಟದ್ದೇ ಎಸ್‌ಪ್ರೆಸ್ಸೊ. ಅದನ್ನು ತಪ್ಪೆನ್ನಲಾರೆ; ಪದ ಇಲ್ಲಿ ಗಳಿಸಿಕೊಂಡ ಅರ್ಥವದು. ಫಿಲ್ಟರಿನ ಡಿಕಾಕ್ಷನ್ನಿಗೆ ಮಾತ್ರ ಈ ಹೆಸರು ಸಲ್ಲದು. ಅದು ತಾನಾಗಿ ತೊಟ್ಟಿಕ್ಕಿದ್ದು, ಯಂತ್ರದ ಎಸ್‌ಪ್ರೆಸ್ಸೊ ಒತ್ತಿ ತೆಗೆದದ್ದು.