ಟೆಲಿಮಾಕನ ಕಥೆಯಿಂದ ನುಡಿ ಕಲಿತವರು

ಶಬ್ದಾರ್ಥವು ತಿಳಿಯುವ ಮಾರ್ಗಗಳು ಎಂಟೆಂದು ಭಾರತದ ಶಾಸ್ತ್ರಕಾರರು ಎಣಿಸಿರುವರು: ವ್ಯಾಕರಣ, ಉಪಮಾನ, ಕೋಶ, ಆಪ್ತವಾಕ್ಯ, ವ್ಯವಹಾರ, ವಾಕ್ಯಶೇಷ, ವಿವರಣೆ, ತಿಳಿದ ಪದದ ಸಾನ್ನಿಧ್ಯ. ನಿಘಂಟು ಈ ಎಂಟರಲ್ಲಿ ಒಂದು ಮಾತ್ರ. ಕಡೆಯ ಮಾರ್ಗಕ್ಕೆ ಅವರು ಕೊಡುವ ನಿದರ್ಶನವು ಬಹು ಸೊಗಸಾಗಿದೆ. ‘ಪಿಕ’ ಎಂಬ ಮಾತನ್ನು ಹಿಂದೆಂದೂ ಕೇಳದವನು, ಅದು ಮಾವಿನ ಮರದಲ್ಲಿ ಕುಳಿತು ಇಂಪಾಗಿ ಕೂಗುವುದೆಂದು ಕೇಳಿದೊಡನೆ ಕೋಗಿಲೆಯೆಂದು ತಿಳಿಯುವನು. ಯಾರೂ ಅವನಿಗೆ ಅರ್ಥ ಹೇಳಬೇಕಾಗಿಲ್ಲ. ಇಷ್ಟನ್ನು ಬಲ್ಲ ನಾಡಿನಲ್ಲಿಯೂ ಸಂಸ್ಕೃತ ಕಲಿಯುವ ಬಾಲಕರು ಮೊದಲು ಬಾಯಿಪಾಠ ಮಾಡುತ್ತಿದ್ದುದು ಅಮರಕೋಶವನ್ನೇ. ಆದರೆ ಸಂಜೆಗೆ ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿಯನ್ನೋ ಓದಿಸಿ ಕೇಳುತ್ತಿದ್ದ ಅಕ್ಷರವರಿಯದ ಹೆಂಗಸರು, ಕೋಶದ ಮುಖವನ್ನೇ ಕಾಣದೆ, ಎಷ್ಟೋ ಹಳೆಯ ಮಾತುಗಳನ್ನು ಕಥೆಯ ಬಲದಿಂದಲೇ ತಮ್ಮವನ್ನಾಗಿ ಮಾಡಿಕೊಳ್ಳುತ್ತಿದ್ದರು. ಯೂರೋಪಿನಲ್ಲಿ ಈ ಎರಡನೆಯ ದಾರಿಯು ಒಂದು ಗದ್ಯಕಥೆಯ ಮೂಲಕ ಪಾಠಶಾಲೆಯೊಳಕ್ಕೆ ಬಂದ ಬಗೆಯು ಕೇಳತಕ್ಕ ವೃತ್ತಾಂತವಾಗಿದೆ.

ಆ ಕಥೆಯ ಹೆಸರು ‘ಟೆಲಿಮಾಕನ ಸಾಹಸಗಳು’. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಮೊಮ್ಮಗನಿಗೆ ಉಪಾಧ್ಯಾಯನಾಗಿದ್ದ ಫೆನೆಲೊನ್ ಎಂಬ ಧರ್ಮಾಧಿಕಾರಿಯು ಆ ರಾಜಕುಮಾರನಿಗೆಂದೇ ಇದನ್ನು ರಚಿಸಿದನು. ಗ್ರೀಕರ ಪುರಾಣದ ಯುಲಿಸೀಸನ ಮಗನಾದ ಟೆಲಿಮಾಕನು ಕಾಣೆಯಾದ ತಂದೆಯನ್ನು ಹುಡುಕುತ್ತ ಕಡಲುಗಳನ್ನು ಸುತ್ತುವನು. ಮುದುಕನ ವೇಷದಲ್ಲಿ ವಿದ್ಯಾದೇವತೆಯೇ ಅವನ ಜೊತೆಯಲ್ಲಿದ್ದು ರಾಜಧರ್ಮವನ್ನು ಬೋಧಿಸುವಳು. 1699ರಲ್ಲಿ ಕರ್ತೃವಿನ ಅಪ್ಪಣೆಯಿಲ್ಲದೆ ಇದು ಅಚ್ಚಾಯಿತು. ಯುದ್ಧವನ್ನೂ ಭೋಗವನ್ನೂ ಹಳಿಯುವ ಅದರ ಮಾತುಗಳು ತನ್ನನ್ನೇ ಕುರಿತವೆಂದು ದೊರೆಯು ಮುನಿದನು. ಫೆನೆಲೊನ್ನನು ಮತ್ತೆ ಅರಮನೆಯ ಮುಖವನ್ನು ಕಾಣಲಿಲ್ಲ. ಪುಸ್ತಕವು ಮಾತ್ರ ದೇಶದೇಶಗಳಿಗೆ ಹೋಗಿ ಅನೇಕ ಭಾಷೆಗಳಿಗೆ ಅನುವಾದವಾಯಿತು. ತಿಳಿಯಾದ ಶೈಲಿ, ಬಿರುಗಾಳಿ, ಹಡಗು, ದೊರೆ, ಕಟ್ಟಳೆ, ದುಃಖ, ಸಾಂತ್ವನ ಎಂದು ಮತ್ತೆ ಮತ್ತೆ ಬರುವ ಅವೇ ಮಾತುಗಳು: ಭಾಷೆ ಕಲಿಯುವವನಿಗೆ ಇದಕ್ಕಿಂತ ಅನುಕೂಲವಾದ ಗ್ರಂಥವು ದೊರೆಯುವುದು ಕಷ್ಟವೇ.

1818ರಲ್ಲಿ ಇದು ಜೋಸೆಫ್ ಜಾಕೊತೊ ಎಂಬವನ ಕೈಗೆ ಬಂದಿತು. ದಿಜೋನ್ ಪಟ್ಟಣದವನಾದ ಈತನು ಫ್ರಾನ್ಸಿನ ಕ್ರಾಂತಿಸೇನೆಯಲ್ಲಿ ಫಿರಂಗಿದಳದವನಾಗಿದ್ದು, ಬಳಿಕ ಅಧ್ಯಾಪಕನಾಗಿ, 1815ರಲ್ಲಿ ನೆಪೋಲಿಯನ್ನನ ನೂರು ದಿನಗಳ ಆಳಿಕೆಯಲ್ಲಿ ಜನಪ್ರತಿನಿಧಿಯೂ ಆದನು. ಹಳೆಯ ರಾಜವಂಶವು ಮರಳಿ ಪಟ್ಟಕ್ಕೆ ಬಂದುದರಿಂದ ದೇಶಭ್ರಷ್ಟನಾಗಿ, ಆಗ ನೆದರ್ಲೆಂಡ್ಸಿನ ದೊರೆಗೆ ಸೇರಿದ್ದ ಲೂವೇನ್ ನಗರದ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಸಾಹಿತ್ಯದ ಉಪನ್ಯಾಸಕನ ಕೆಲಸವನ್ನು ಪಡೆದನು. ಅಲ್ಲಿ ಒದಗಿದ ತೊಡಕು ವಿಚಿತ್ರವಾದುದು. ಪಾಠಕ್ಕೆ ಬಂದವರಲ್ಲಿ ಬಹುಮಂದಿಗೆ ಫ್ರೆಂಚ್ ಬಾರದು; ಗುರುವಿಗೆ ಅವರ ಫ್ಲೆಮಿಷ್ ಬಾರದು. ಇಬ್ಬರ ನಡುವೆ ಸಮಾನವಾದ ಒಂದು ಮಾತೂ ಇಲ್ಲ.

ಆ ಕಾಲದಲ್ಲಿಯೇ ಬ್ರಸೆಲ್ಸಿನಲ್ಲಿ ಟೆಲಿಮಾಕನ ಕಥೆಯು ಫ್ರೆಂಚ್ ಮೂಲವೂ ಡಚ್ ಅನುವಾದವೂ ಕೂಡಿದ ಮುದ್ರಣದಲ್ಲಿ ಹೊರಬಂದಿತ್ತು. ಜಾಕೊತೊ ಅದನ್ನು ಶಿಷ್ಯರಿಗೆ ಕೊಡಿಸಿ, ಅನುವಾದದ ಸಹಾಯದಿಂದ ಮೂಲವನ್ನು ಕಲಿಯಿರೆಂದು ದುಭಾಷಿಯ ಬಾಯಿಂದ ಹೇಳಿಸಿದನು. ಮೊದಲನೆಯ ಆಶ್ವಾಸದ ಅರ್ಧದವರೆಗೆ ಬಂದ ಮೇಲೆ, ಕಲಿತುದನ್ನು ಬಿಡದೆ ಮೆಲಕುಹಾಕುತ್ತಿರಬೇಕು. ಉಳಿದುದನ್ನು ಕಥೆ ಹೇಳಲು ಬರುವಷ್ಟು ಮಟ್ಟಿಗೆ ಓದಿದರೆ ಸಾಕು. ಅಕ್ಷರಸಂಯೋಗವನ್ನಾಗಲಿ ಕ್ರಿಯಾಪದದ ರೂಪಗಳನ್ನಾಗಲಿ ಆತನು ವಿವರಿಸಲಿಲ್ಲ. ವಿವರಿಸುವುದಕ್ಕೆ ಭಾಷೆಯೇ ಇರಲಿಲ್ಲ. ಕಡೆಗೆ, ಓದಿದುದನ್ನು ಕುರಿತು ತಮಗೆ ತೋರಿದುದನ್ನು ಫ್ರೆಂಚಿನಲ್ಲಿಯೇ ಬರೆಯಿರೆಂದನು. ತಪ್ಪುಗಳ ರಾಶಿಯೇ ಬರುವುದೆಂದು ಆತನು ಎಣಿಸಿದ್ದನು. ಬಂದುದು ಫ್ರೆಂಚರೇ ಅನೇಕರು ಬರೆಯಬಹುದಾದಂಥ ಬರಹ. ಒಂದು ಪದವು ಐದು ಕಡೆ ಬಂದಾಗ ಆ ಐದು ವಾಕ್ಯಗಳೇ ಅದರ ಅರ್ಥವನ್ನು ಹೇಳಿದ್ದವು. ಅದರ ಬಾಲವು ಒಂದೆಡೆ ಒಂದು ಬಗೆಯಾಗಿಯೂ ಇನ್ನೊಂದೆಡೆ ಮತ್ತೊಂದು ಬಗೆಯಾಗಿಯೂ ಇರುವುದನ್ನು ಕಂಡು, ಕಾರಣವನ್ನು ಶಿಷ್ಯರು ತಾವೇ ಊಹಿಸಿಕೊಂಡಿದ್ದರು.

ಇದರಿಂದ ಜಾಕೊತೊ ತೆಗೆದ ತೀರ್ಮಾನವು ಯೂರೋಪಿನ ಪಂಡಿತರನ್ನು ಕೆರಳಿಸಿತು. ವಿವರಿಸುವ ಗುರುವು ಶಿಷ್ಯನಿಗೆ ಮೊದಲು ಕಲಿಸುವುದು ‘ನಿನ್ನಷ್ಟಕ್ಕೆ ನಿನಗೆ ತಿಳಿಯದು’ ಎಂಬ ಒಂದೇ ಪಾಠವನ್ನು. ಬುದ್ಧಿಯು ಎಲ್ಲರಿಗೂ ಸಮವೇ. ಓದುಬಾರದ ಬಡ ತಂದೆಯೂ, ಮಗುವಿಗೆ ಬಾಯಿಗೆ ಬರುವ ಪ್ರಾರ್ಥನೆಯ ಅಚ್ಚಿನ ಹಾಳೆಯನ್ನು ಮುಂದಿಟ್ಟು, ಈ ಮಾತು ಎಲ್ಲಿದೆ ತೋರಿಸೆಂದು ಕೇಳುತ್ತ ಮಗುವಿಗೆ ಓದು ಕಲಿಸಬಲ್ಲನು: ಇದು ಆತನ ವಾದ. 1823ರಲ್ಲಿ ಗ್ರಂಥವನ್ನು ಬರೆದು ಇದಕ್ಕೆ ‘ಸಾರ್ವತ್ರಿಕ ಶಿಕ್ಷಣ’ವೆಂದು ಹೆಸರಿಟ್ಟನು. ಶಾಲೆಯ ಶುಲ್ಕವನ್ನು ತೆರಲಾರದವರಿಗೆ ಇದು ಬಿಡುಗಡೆಯ ಮಾತಾಗಿ ಕೇಳಿಸಿದುದರಲ್ಲಿ ಆಶ್ಚರ್ಯವಿಲ್ಲ. ಆದರೂ ಲೂವೇನಿನ ಶಿಷ್ಯರಿಗೆ ಗುರುವೇ ಇರಲಿಲ್ಲವೆನ್ನುವುದು ಪೂರ್ತಿ ಸತ್ಯವಲ್ಲ. ಮೂಲದ ಜೊತೆಯಲ್ಲಿದ್ದ ಅನುವಾದವು ಮೂಕನಾದ ಗುರುವೇ ಸರಿ. ಪಿಕವನ್ನು ತಿಳಿಸಿದ ಮಾವಿನ ಮರವು ಅದೇ. ಕೆಲಸವನ್ನು ಬಿಡದಂತೆ ಶಿಷ್ಯರನ್ನು ಕೂಡಿಸಿದ ಜಾಕೊತೊನ ಹಟವೂ ಸಣ್ಣದಲ್ಲ. 1830ರ ಕ್ರಾಂತಿಯ ಬಳಿಕ ಆತನು ಸ್ವದೇಶಕ್ಕೆ ಹಿಂದಿರುಗಿ, 1840ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡನು.

ಅದಾದ ಕೆಲವೇ ವರ್ಷಗಳಲ್ಲಿ, ಆಮ್ಸ್ಟರ್‌ಡಾಮಿನಲ್ಲಿ, ಹೈನ್ರಿಖ್ ಷ್ಲೀಮನ್ನನೆಂಬ ಜರ್ಮನ್ ಯುವಕನು ಅದೇ ಕಥೆಯನ್ನು ಬಾಯಿಪಾಠ ಮಾಡುತ್ತಿದ್ದನು. ದಿನಸಿ ಅಂಗಡಿಯಲ್ಲಿ ದುಡಿದು, 1841ರಲ್ಲಿ ಹಡಗೊಡೆದು ಹಾಲೆಂಡಿನ ದಡ ಸೇರಿದವನು. ವರ್ಷಕ್ಕೆ 800 ಫ್ರಾಂಕಿನ ಗುಮಾಸ್ತೆ, ಅದರಲ್ಲಿ ಅರ್ಧವು ಓದಿಗೆ. ಇಂಗ್ಲಿಷಿಗಾಗಿ ಗೋಲ್ಡ್‌ಸ್ಮಿತ್ತನ ಮತ್ತು ಸ್ಕಾಟನ ಒಂದೊಂದು ಕಾದಂಬರಿ, ಫ್ರೆಂಚಿಗಾಗಿ ಟೆಲಿಮಾಕ ಮತ್ತು ‘ಪೋಲ್ ಮತ್ತು ವಿರ್ಜಿನಿ’. ಅಂಚೆಯ ಮನೆಯಲ್ಲಿ ಕಾಯುವಾಗಲೂ ಮಳೆಯಲ್ಲಿ ನಡೆಯುವಾಗಲೂ ಪುಸ್ತಕವು ಕೈಯಲ್ಲಿ. 1844ರಲ್ಲಿ ರಷ್ಯನ್ ಭಾಷೆಗೆ ತೊಡಗಿದಾಗ ಆತನಿಗೆ ದೊರೆತುದು ಒಂದು ಹಳೆಯ ವ್ಯಾಕರಣ, ಒಂದು ಕೋಶ, ಟೆಲಿಮಾಕನ ಒಂದು ಕೆಟ್ಟ ಅನುವಾದ. ಕೇಳುವವರಿದ್ದರೆ ಕಲಿಕೆ ಬೇಗ ಸಾಗುವುದೆಂದು, ರಷ್ಯನ್ ಒಂದಕ್ಷರವೂ ತಿಳಿಯದ ಬಡ ಯೆಹೂದ್ಯನೊಬ್ಬನನ್ನು ವಾರಕ್ಕೆ 4 ಫ್ರಾಂಕಿಗೆ ಗೊತ್ತುಮಾಡಿ, ಪ್ರತಿ ಸಂಜೆ ಎರಡು ಗಂಟೆ ಅವನ ಮುಂದೆ ಕಥೆಯನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದನು. ತೆಳುವಾದ ಹಲಗೆಯ ಮಹಡಿಗಳ ಮನೆ, ನೆರೆಯವರು ದೂರಿದರು, ಬಿಡಾರವನ್ನು ಎರಡು ಸಲ ಬದಲಾಯಿಸಬೇಕಾಯಿತು. ಆರು ವಾರಗಳಲ್ಲಿ ನೀಲಿಯ ವರ್ತಕರ ಪ್ರತಿನಿಧಿಗೆ ರಷ್ಯನ್ನಿನಲ್ಲಿ ಪತ್ರ ಬರೆದೆನೆಂದು ಆತನು ಹೇಳಿಕೊಂಡಿರುವನು. ಷ್ಲೀಮನ್ನನ ಆತ್ಮಕಥನದಲ್ಲಿ ಅತಿಶಯೋಕ್ತಿಯು ಬಹಳವೆಂದು ಮುಂದಿನ ವಿದ್ವಾಂಸರು ತೋರಿಸಿಕೊಟ್ಟಿರುವುದರಿಂದ ವಾರಗಳ ಲೆಕ್ಕವನ್ನು ನಂಬಬೇಕಾದುದಿಲ್ಲ. ಆದರೆ 1846ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಪ್ರತಿನಿಧಿಯಾಗಿ ಹೋಗಿ ಐಶ್ವರ್ಯವನ್ನು ಗಳಿಸಿದುದು ನಿಜ.

1856ರಲ್ಲಿ ಹೊಸ ಗ್ರೀಕನ್ನು ಕಲಿಯುವಾಗ ಲೂವೇನಿನವರ ಕ್ರಮವೇ ಆತನದೂ ಆಯಿತು: ‘ಪೋಲ್ ಮತ್ತು ವಿರ್ಜಿನಿ’ಯ ಗ್ರೀಕ್ ಅನುವಾದವನ್ನು ಬಾಯಿಗೆ ಬರುವ ಫ್ರೆಂಚ್ ಮೂಲದೊಡನೆ ಪದಪದವಾಗಿ ಹೋಲಿಸಿದನು. ಮೊದಲ ಓದಿಗೆ ಅರ್ಧದಷ್ಟು ಶಬ್ದಗಳು ನಿಂತುವಂತೆ; ಕೋಶಕ್ಕೆ ಒಂದು ನಿಮಿಷವನ್ನೂ ಕಳೆಯಲಿಲ್ಲವಂತೆ. ಆ ಬಳಿಕವೇ ಹಳೆಯ ಗ್ರೀಕು, ಹೋಮರನು. 1868ರಲ್ಲಿ ಆತನು ಟೆಲಿಮಾಕನ ಊರಾದ ಇಥಾಕಾ ದ್ವೀಪಕ್ಕೆ ಹೋದನು. ಯುಲಿಸೀಸನು ಮುದಿತಂದೆಯನ್ನು ಕಂಡ ಹೊಲವೆಂದು ಹೇಳುವ ಸ್ಥಳದಲ್ಲಿ ಸುತ್ತಲಿನ ರೈತರು ನೆರೆದರು. ಷ್ಲೀಮನ್ನನು ಒಡಿಸ್ಸಿಯ 24ನೆಯ ಆಶ್ವಾಸದ ಆ ಭಾಗವನ್ನು ಮೂಲದಲ್ಲಿ ಓದಿ, ಸಾಲು ಸಾಲಾಗಿ ಅವರ ನುಡಿಯಲ್ಲಿ ಅರ್ಥ ಹೇಳಿದನು. ಕೇಳಿದವರ ಕಣ್ಣುಗಳು ಹನಿಗೂಡಿದುವೆಂದು ಆತನೇ ಬರೆದಿರುವನು.